ಟೇಪ್ ಸುಡುವುದಿಲ್ಲ, ಸರಿ. ಅದರ ಕೆಳಗಿರುವುದು?

(ಎಲೆಕ್ಟ್ರಾನಿಕ್ಸ್ ರಿಪೇರಿ ಕಲಿಯುತ್ತಿರುವವರ ಜೊತೆ ಬೆಂಗಳೂರಿನಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಸುಗೆ ಕೆಲಸದಲ್ಲಿ ಬೋರ್ಡಿಗೆ ಅಂಟಿಸುವ ಜೇನುಬಣ್ಣದ ಕ್ಯಾಪ್ಟಾನ್ ಟೇಪ್, ಆ ಒಂದು ಟೇಪಿನ ಬಗ್ಗೆ ಇಷ್ಟೊತ್ತು ಏನು ಮಾತಾಡುತ್ತಾರೆ ಅಂತ ಕೆಲವರ ಮುಖದಲ್ಲೇ ಕಾಣುತ್ತಿದೆ. ಇರಲಿ, ಮೊದಲು ನಾನೇ ಕೇಳುತ್ತೇನೆ. ಬಿಸಿ ಗಾಳಿ ಊದುವ ಹಾಟ್ ಏರ್ ಹಿಡಿದು ಬೋರ್ಡಿನಿಂದ ಐಸಿ, ಅಂದರೆ ಚಿಪ್, ತೆಗೆದವರು ಕೈ ಎತ್ತಿ. ಸರಿ. ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್ ಕರಗಿಸಿಕೊಂಡವರು? ಕೈಗಳು ಹೆಚ್ಚು ಕಡಿಮೆಯಾಗಲಿಲ್ಲ. ಇನ್ನು, ಟೇಪ್ ಅಂಟಿಸಿದ ಮೇಲೂ ಕರಗಿಸಿಕೊಂಡವರು? ನೋಡಿ, ಬಹುತೇಕ ಅದೇ ಕೈಗಳು. ಇವತ್ತಿನ ಮಾತು ಆ ಕೈಗಳಿಗೆ.

ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಟೇಪಿನ ಪ್ಯಾಕೆಟ್ ಮೇಲೆ 260 ಡಿಗ್ರಿ ಅಂತ ಬರೆದಿರುತ್ತದೆ. ಆ ಸಂಖ್ಯೆ ಟೇಪ್ ತಾನು ಎಷ್ಟು ಬಿಸಿ ತಡೆದುಕೊಳ್ಳುತ್ತದೆ ಅನ್ನುವುದರ ಲೆಕ್ಕ. ಅದರ ಕೆಳಗಿರುವ ಭಾಗವನ್ನು ಎಷ್ಟು ಬಿಸಿಯಿಂದ ಕಾಪಾಡುತ್ತದೆ ಅನ್ನುವುದರ ಲೆಕ್ಕ ಅಲ್ಲ. ಅಂಗಡಿಯವರು ಇವೆರಡನ್ನೂ ಸೇರಿಸಿ ಹೇಳುತ್ತಾರೆ. ನಾವೂ ಸೇರಿಸಿಯೇ ಕೇಳಿಸಿಕೊಳ್ಳುತ್ತೇವೆ.

ಮೊದಲು ಆ ಜೇನುಬಣ್ಣದ ಹಾಳೆ ಏನು ಅಂತ ನೋಡೋಣ. ಅದು ಪಾಲಿಇಮೈಡ್. ಡ್ಯುಪಾಂಟ್ ಕಂಪನಿ 1960ರ ದಶಕದಲ್ಲಿ ಕ್ಯಾಪ್ಟಾನ್ ಅನ್ನುವ ಹೆಸರಿನಲ್ಲಿ ತಂದ ಪ್ಲಾಸ್ಟಿಕ್ ಹಾಳೆ. ಈಗ ಬೇರೆ ಬೇರೆ ಕಂಪನಿಗಳು ಇದೇ ಜಾತಿಯ ಹಾಳೆ ಮಾಡುತ್ತವೆ. ಆದರೆ ಅಂಗಡಿಯಲ್ಲಿ ಎಲ್ಲವೂ ಕ್ಯಾಪ್ಟಾನ್ ಟೇಪೇ. ಇದರ ಗುಣ ಏನೆಂದರೆ ಇದು ಕರಗುವುದೇ ಇಲ್ಲ. ನಾವು ದಿನಾ ನೋಡುವ ಪ್ಲಾಸ್ಟಿಕ್‌ಗಳು ಬಿಸಿಯಾದರೆ ಮೆತ್ತಗಾಗಿ, ಆಮೇಲೆ ನೀರಾಗುತ್ತವೆ. ಪಾಲಿಇಮೈಡ್ ಹಾಗಲ್ಲ. 500 ಡಿಗ್ರಿ ದಾಟಿದ ಮೇಲೆ ನಿಧಾನಕ್ಕೆ ಕರಿಯಾಗುತ್ತದೆ, ಇದ್ದಿಲಾಗುತ್ತದೆ. ಕೆಳಗಡೆಯೂ ಅಷ್ಟೇ ಗಟ್ಟಿ. ದ್ರವ ಹೀಲಿಯಂನ ಮೈನಸ್ 269 ಡಿಗ್ರಿಯಲ್ಲೂ ಅದು ಪುಡಿಯಾಗುವುದಿಲ್ಲ.

ಹಾಗಾಗಿಯೇ ಇದು ಬಾಹ್ಯಾಕಾಶಕ್ಕೆ ಹೋಯಿತು. 1969ರಲ್ಲಿ ಚಂದ್ರನ ಮೇಲೆ ಇಳಿದ ಅಪೊಲೊ 11ರ ನೌಕೆಯ ಕೆಳಭಾಗಕ್ಕೆ ಚಿನ್ನದ ಹಾಳೆ ಸುತ್ತಿದ ಹಾಗೆ ಕಾಣುತ್ತದಲ್ಲ, ಅದು ಚಿನ್ನ ಅಲ್ಲ. ಹಿಂಬದಿಗೆ ಅಲ್ಯೂಮಿನಿಯಂ ಲೇಪಿಸಿದ ಕ್ಯಾಪ್ಟಾನ್. ಬಿಳಿ ಲೋಹದ ಮೇಲೆ ಜೇನುಬಣ್ಣದ ಹಾಳೆ ಬಂದರೆ ಕಣ್ಣಿಗೆ ಬಂಗಾರ. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಬಿಸಿಲು ಪರದೆಯೂ ಇದೇ ವಸ್ತುವಿನದು. ಐದು ಪದರ. ಅದರಲ್ಲಿ ನಾಲ್ಕು ಪದರ 25 ಮೈಕ್ರಾನ್ ದಪ್ಪ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ನಿಮ್ಮ ಟೇಪಿನ ಹಾಳೆಯೂ ಸಾಮಾನ್ಯವಾಗಿ ಅಷ್ಟೇ, 25 ಮೈಕ್ರಾನ್.

ಇಲ್ಲೇ ಒಂದು ಮೋಸ ಇದೆ. ಅಷ್ಟು ತೆಳು ಹಾಳೆ ಬಾಹ್ಯಾಕಾಶದಲ್ಲಿ ಸೂರ್ಯನ ಬಿಸಿ ತಡೆಯುತ್ತದೆ ಅಂದರೆ ನನ್ನ ಬೋರ್ಡಿನ ಮೇಲೆ ಹಾಟ್ ಏರ್ ತಡೆಯಲ್ವಾ ಅಂತ ಅನಿಸುತ್ತದೆ. ತಡೆಯುವುದಿಲ್ಲ. ಅಲ್ಲಿ ಬಿಸಿಯನ್ನು ತಡೆಯುವುದು ಮುಖ್ಯವಾಗಿ ಹಾಳೆಯ ಮೇಲಿನ ಲೋಹದ ಹೊಳಪು, ಮತ್ತೆ ಪದರಗಳ ನಡುವಿನ ಖಾಲಿ ಜಾಗ. ಹಾಳೆಯ ಕೆಲಸ ಆ ಲೋಹವನ್ನು ಹೊತ್ತುಕೊಂಡು ಕೆಡದೆ ಇರುವುದು. ನಿಮ್ಮ ಟೇಪಿನಲ್ಲಿ ಲೋಹವೂ ಇಲ್ಲ, ಖಾಲಿ ಜಾಗವೂ ಇಲ್ಲ. ಹಾಳೆ ನೇರವಾಗಿ ಕನೆಕ್ಟರಿಗೆ ಅಂಟಿಕೊಂಡು ಕೂತಿದೆ.

ಸ್ವಲ್ಪ ಲೆಕ್ಕ ಹಾಕೋಣ, ಬೇಜಾರು ಮಾಡಿಕೊಳ್ಳಬೇಡಿ. ನಳಿಗೆಯಿಂದ ಬರುವ ಬಿಸಿ ಗಾಳಿ ಭಾಗದ ಒಳಕ್ಕೆ ಇಳಿಯಬೇಕಾದರೆ ಮೊದಲು ಮೇಲ್ಮೈಗೆ ಅಂಟಿಕೊಂಡ ಗಾಳಿಯ ತೆಳು ಪದರವನ್ನು ದಾಟಬೇಕು. ಆ ಗಾಳಿ ಪದರದ ತಡೆ ಟೇಪಿನ ತಡೆಗಿಂತ ಹತ್ತಾರು ಪಟ್ಟು ಜಾಸ್ತಿ. ಅಂದರೆ ಟೇಪ್ ಅಂಟಿಸಿದರೂ ಅಂಟಿಸದೇ ಇದ್ದರೂ ಒಳಗೆ ಇಳಿಯುವ ಬಿಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ. ಎರಡು ಪದರ ಹಾಕಿದರೂ ಅಷ್ಟೇ. ಕನೆಕ್ಟರಿನಂಥ ಭಾಗಗಳ ಪ್ಲಾಸ್ಟಿಕ್ ನೋಡಿ. ನೈಲಾನ್ 66 ಕರಗುವುದು 260 ಡಿಗ್ರಿ ಹತ್ತಿರ. ಪಿಬಿಟಿ ಸುಮಾರು 223ಕ್ಕೇ ಕರಗುತ್ತದೆ. ಎಬಿಎಸ್ ಅಂತೂ 100 ದಾಟಿದರೆ ಮೆತ್ತಗಾಗುತ್ತದೆ. ಟೇಪ್ ಹೊಳೆಯುತ್ತಾ ಇರುತ್ತದೆ, ಅದರ ಕೆಳಗೆ ಕನೆಕ್ಟರ್ ಇಳಿದು ಹೋಗಿರುತ್ತದೆ.

ಹಾಗಾದರೆ ಟೇಪ್ ಯಾಕೆ ಬೇಕು? ಬೇಕು. ಅದು ಮಾಡುವ ಕೆಲಸ ಬೇರೆ. ಗಾಳಿಯ ರಭಸಕ್ಕೆ ಅಕ್ಕಿ ನುಚ್ಚಿನಂಥ ಕೆಪಾಸಿಟರ್‌ಗಳು ಹಾರಿ ಹೋಗದ ಹಾಗೆ ಹಿಡಿಯುತ್ತದೆ. ಹರಿದು ಬಂದ ಸೋಲ್ಡರ್ (ಬೆಸುಗೆಯ ಲೋಹ), ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್) ಪಕ್ಕದ ಪ್ಯಾಡಿಗೆ, ಮೈಕ್ ರಂಧ್ರಕ್ಕೆ ಹೋಗದ ಹಾಗೆ ಮುಚ್ಚುತ್ತದೆ. ಕಾರ್ಡಿನ ಅಂಚಿನ ಚಿನ್ನದ ಬೆರಳುಗಳಿಗೆ, ಅಂದರೆ ಚಿನ್ನ ಲೇಪಿಸಿದ ಸಂಪರ್ಕ ಪಟ್ಟಿಗಳಿಗೆ, ಸೋಲ್ಡರ್ ಹತ್ತದ ಹಾಗೆ ಕಾಯುತ್ತದೆ. ಬೆಸುಗೆ ಹಾಕುವ ಐರನ್ ತುದಿ ತಪ್ಪಿ ತಗುಲಿದರೆ ಮೊದಲ ಕ್ಷಣದ ಪೆಟ್ಟು ತಾನು ತಿನ್ನುತ್ತದೆ. ಬೋರ್ಡನ್ನು ಮಗುಚಿ ಬೆಸುಗೆ ಹಾಕುವಾಗ ಭಾಗ ಬೀಳದ ಹಾಗೆ ಹಿಡಿದುಕೊಳ್ಳುತ್ತದೆ. ಇಷ್ಟು ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಗೊತ್ತಿಲ್ಲ.

ಬಿಸಿಯನ್ನೇ ತಡೆಯಬೇಕು ಅಂದರೆ ಅಲ್ಯೂಮಿನಿಯಂ ಬೇಕು. ಅಡುಗೆಮನೆಯ ಫಾಯಿಲ್ ಆದರೂ ಆಗುತ್ತದೆ. ಮೊದಲು ಪಾಲಿಇಮೈಡ್ ಟೇಪ್ ಅಂಟಿಸಿ, ಅದರ ಮೇಲೆ ಫಾಯಿಲನ್ನು ಎರಡು ಮೂರು ಮಡಿಕೆ ಮಾಡಿ ಸಡಿಲವಾಗಿ, ಸ್ವಲ್ಪ ಗಾಳಿ ಆಡುವ ಹಾಗೆ ಹೊದಿಸಿ. ಗಾಳಿಯ ಧಾರೆ ನೇರವಾಗಿ ಭಾಗಕ್ಕೆ ಹೊಡೆಯುವುದು ನಿಲ್ಲುತ್ತದೆ. ಹತ್ತಿರದಲ್ಲೇ ನಾಜೂಕಾದ ಕನೆಕ್ಟರ್ ಇದ್ದರೆ ಅದರ ಮೇಲೆ ಒಂದು ಹಳೇ ನಾಣ್ಯ ಇಡಿ. ಬರುವ ಬಿಸಿಯನ್ನು ಆ ನಾಣ್ಯ ಸ್ವಲ್ಪ ಹೊತ್ತು ನುಂಗಿಕೊಳ್ಳುತ್ತದೆ, ನಿಮ್ಮ ಕೆಲಸಕ್ಕೆ ಆ ಸ್ವಲ್ಪ ಹೊತ್ತೇ ಸಾಕು. ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಟೇಪ್ ಹೆಚ್ಚಾಗಿ ಎಸಿ ಡಕ್ಟಿಗೆ ಮಾಡಿದ್ದು. ಅದರ ಅಂಟು ಇಷ್ಟು ಬಿಸಿಗೆ ಅಲ್ಲ. ಅದನ್ನು ನೇರವಾಗಿ ಬೋರ್ಡಿಗೆ ಅಂಟಿಸಿದರೆ ಆಮೇಲೆ ಅಂಟು ಕೆರೆಯುತ್ತಾ ಕೂರಬೇಕು. ಇನ್ನೊಂದು ಮಾತು, ಅಲ್ಯೂಮಿನಿಯಂ ಅಂದರೆ ವಿದ್ಯುತ್ ಹರಿಯುತ್ತದೆ. ಬ್ಯಾಟರಿ ಬಿಚ್ಚದೆ ಫಾಯಿಲ್ ಮುಟ್ಟಬೇಡಿ.

ಈಗ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಗೆ ಹೋಗೋಣ. ಎಸ್‌.ಪಿ. ರೋಡಿನಲ್ಲಿ ಯಾವ ಅಂಗಡಿಯಲ್ಲಾದರೂ ಬಿಸಿ ತಡೆಯುವ ಟೇಪ್ ಕೊಡಿ ಅಂದರೆ ನಾಲ್ಕು ಬಗೆ ಮುಂದಿಡಬಹುದು. ಜೇನುಬಣ್ಣದ್ದು. ಹಳದಿಯದ್ದು. ಹಸಿರಿನದ್ದು. ಬಿಳಿ ಅಥವಾ ಕಂದು ಬಟ್ಟೆಯಂಥದ್ದು.

ಹಳದಿಯದ್ದು ಟ್ರಾನ್ಸ್‌ಫಾರ್ಮರ್ ಸುತ್ತುವ ಟೇಪ್. ಚಾರ್ಜರ್ ಬಿಚ್ಚಿದರೆ ಫೆರೈಟ್ ಟ್ರಾನ್ಸ್‌ಫಾರ್ಮರ್ ಮೇಲೆ ಕಾಣುತ್ತದಲ್ಲ, ಅದೇ. ಹಾಳೆ ಪಾಲಿಯೆಸ್ಟರ್, ಸಾಮಾನ್ಯವಾಗಿ 130 ಡಿಗ್ರಿಗೆ ಮಾಡಿದ್ದು. ತನ್ನ ಜಾಗದಲ್ಲಿ ಒಳ್ಳೆಯದೇ. ಬೆಸುಗೆಯ ಹತ್ತಿರ ತರಬೇಡಿ. ಸೀಸ ಇರುವ 63-37 ಸೋಲ್ಡರೇ 183ಕ್ಕೆ ಕರಗುತ್ತದೆ, ಸೀಸ ಇಲ್ಲದ ಎಸ್‌ಎಸಿ305ಕ್ಕೆ 217 ದಾಟಬೇಕು. ಹಸಿರಿನದ್ದೂ ಪಾಲಿಯೆಸ್ಟರೇ, ಆದರೆ ಅಂಟು ಸಿಲಿಕೋನಿನದು. ಸುಮಾರು 200 ಡಿಗ್ರಿವರೆಗೆ ನಡೆಯುತ್ತದೆ. ಪೀಣ್ಯದ ಕಡೆ ಪೌಡರ್ ಕೋಟಿಂಗ್ ಮಾಡುವವರು ಬಣ್ಣ ಬೀಳಬಾರದ ಜಾಗಕ್ಕೆ ಅಂಟಿಸುವುದು ಇದನ್ನೇ. ಬೋರ್ಡ್ ಒಣಗಿಸುವುದಕ್ಕೆ, ಲೇಪ ಹಾಕುವಾಗ ಮುಚ್ಚುವುದಕ್ಕೆ ಇದು ಸಾಕು, ಬೆಲೆಯೂ ಕಡಿಮೆ. ಬಟ್ಟೆಯಂಥದ್ದು ಗಾಜಿನ ನಾರಿನ ಮೇಲೆ ಟೆಫ್ಲಾನ್ ಬಳಿದದ್ದು ಇರಬಹುದು. ಪ್ಯಾಕಿಂಗ್ ಮೆಷೀನಿನ ಬಿಸಿ ಪಟ್ಟಿಗೆ ಅದೇ ಸರಿ. ಸಣ್ಣ ಬೋರ್ಡಿನ ಕೆಲಸಕ್ಕೆ ಅದು ದಪ್ಪ, ಮೂಲೆಯಲ್ಲಿ ಬಾಗುವುದಿಲ್ಲ. ಟೆಫ್ಲಾನ್ ಅತಿಯಾಗಿ ಕಾದರೆ ಬರುವ ಹೊಗೆಯೂ ಕೆಟ್ಟದ್ದು.

ಕಪ್ಪು ಪಿವಿಸಿ ಟೇಪಿನ ಬಗ್ಗೆ ನಾನು ಮಾತೇ ಆಡುವುದಿಲ್ಲ.

ಉಳಿದದ್ದು ಜೇನುಬಣ್ಣದ್ದು. ಇಲ್ಲೂ ಬಣ್ಣ ನೋಡಿ ನಂಬುವ ಹಾಗಿಲ್ಲ. ಪಾಲಿಇಮೈಡಿಗೆ ಆ ಬಣ್ಣ ಹುಟ್ಟಿನಿಂದ ಬಂದದ್ದು. ಪಾಲಿಯೆಸ್ಟರಿಗೆ ಬಣ್ಣ ಹಾಕಿ ಹಾಗೆ ಕಾಣಿಸುವುದು ಕಷ್ಟವಲ್ಲ. ನೋಡಿ, ಮೇಜಿನ ಮೇಲೆ ಎರಡು ತುಂಡು ಅಂಟಿಸಿದ್ದೇನೆ. ದೂರದಿಂದ ಎರಡೂ ಒಂದೇ. ಐರನ್ 350ಕ್ಕೆ ಇಟ್ಟಿದ್ದೇನೆ. ಮೊದಲನೆಯದರ ಮೇಲೆ ತುದಿ ಇಡುತ್ತೇನೆ. ಹತ್ತಿರ ಬರುವ ಮೊದಲೇ ಅದು ಮುದುಡಿಕೊಂಡು ಹಿಂದೆ ಸರಿಯಿತು, ಕಂಡಿತಾ? ಈಗ ನಡುವೆ ದುಂಡಗಿನ ತೂತು, ಸುತ್ತ ಗಟ್ಟಿ ಅಂಚು. ಅದು ಪಾಲಿಯೆಸ್ಟರ್. ಎರಡನೆಯದರ ಮೇಲೆ ಇಡುತ್ತೇನೆ. ಏನೂ ಆಗುತ್ತಿಲ್ಲ. ತುದಿಯನ್ನು ಆಚೀಚೆ ಎಳೆದರೂ ಜಾರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಕೆಳಗಿನಿಂದ ಅಂಟಿನ ವಾಸನೆ ಬರುತ್ತದೆ, ತುದಿಯ ಕೆಳಗೆ ಸಣ್ಣ ಗುಳ್ಳೆ ಏಳುತ್ತದೆ. ಹಾಳೆ ಮಾತ್ರ ಹಾಗೇ ಇದೆ. ಇದು ನಿಜವಾದ ಪಾಲಿಇಮೈಡ್.

ಆ ಗುಳ್ಳೆಯನ್ನು ಇನ್ನೊಮ್ಮೆ ನೋಡಿ. ಹಾಳೆ ಸೋಲಲಿಲ್ಲ, ಸೋತದ್ದು ಅಂಟು. ಟೇಪ್ ಕೊಳ್ಳುವುದು ಅಂದರೆ ಅರ್ಧಕ್ಕಿಂತ ಹೆಚ್ಚು ಅಂಟನ್ನು ಕೊಳ್ಳುವುದೇ. ಹಾಳೆ 400 ಡಿಗ್ರಿ ತಡೆದರೂ ಪ್ಯಾಕೆಟ್ ಮೇಲೆ 260 ಅಂತ ಇರುವುದು ಅಂಟಿನ ದೆಸೆಯಿಂದ. ಆ 260 ಕೂಡ ಸಿಲಿಕೋನ್ ಅಂಟಿನ ಲೆಕ್ಕ. ಅಕ್ರಿಲಿಕ್ ಅಂಟಿನ ಪಾಲಿಇಮೈಡ್ ಟೇಪೂ ಬರುತ್ತದೆ. ಅದರ ಮಿತಿ ತುಂಬಾ ಕಡಿಮೆ, ಸುಮಾರು 150ರಿಂದ 180. ಕಣ್ಣಿಗೆ ಎರಡೂ ಒಂದೇ. ಹಾಗಾಗಿ ಅಂಗಡಿಯಲ್ಲಿ ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಕೇಳಬೇಡಿ, ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಅಂಟು ಸಿಲಿಕೋನಾ, ಅಕ್ರಿಲಿಕ್ಕಾ ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ಡೇಟಾಶೀಟ್ ಇರುವ ಬ್ರ್ಯಾಂಡ್ ತೆಗೆದುಕೊಳ್ಳಿ. 3ಎಂ ಕಂಪನಿಯ 5413 ಅನ್ನುವುದು ಇದರಲ್ಲಿ ಹೆಸರುವಾಸಿ. 25 ಮೈಕ್ರಾನ್ ಹಾಳೆ, ಸಿಲಿಕೋನ್ ಅಂಟು, ಒಟ್ಟು ದಪ್ಪ ಸುಮಾರು 69 ಮೈಕ್ರಾನ್. ದುಬಾರಿ. ಎಲ್ಲರಿಗೂ ಅದೇ ಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಬೇರೆ ಟೇಪನ್ನು ಹೋಲಿಸಿ ನೋಡುವುದಕ್ಕೆ ಅದರ ಸಂಖ್ಯೆಗಳು ಕೈಯಲ್ಲಿರಲಿ.

ದಪ್ಪದಲ್ಲೂ ಒಂದು ಆಟ ನಡೆಯುತ್ತದೆ. ಕೆಲವರು ಹಾಳೆಯ ದಪ್ಪ ಬರೆಯುತ್ತಾರೆ, ಕೆಲವರು ಒಟ್ಟು ದಪ್ಪ. 50 ಮೈಕ್ರಾನ್ ಅಂತ ಬರೆದದ್ದರಲ್ಲಿ ಹಾಳೆ ಹನ್ನೆರಡೇ ಮೈಕ್ರಾನ್ ಇದ್ದು ಉಳಿದದ್ದೆಲ್ಲ ಅಂಟು ಆಗಿರಬಹುದು. ಅಂಥದ್ದು ಎಳೆದ ತಕ್ಷಣ ಸುರುಳಿಯಾಗಿ ಬೆರಳಿಗೆ ಸುತ್ತಿಕೊಳ್ಳುತ್ತದೆ, ಚಿಮಟದಲ್ಲಿ ಹಿಡಿದು ಕೂರಿಸುವುದು ಕಷ್ಟ.

ಉದ್ದದ್ದು ಇನ್ನೊಂದು ಕಥೆ. ದೊಡ್ಡ ರೋಲ್ ಅಂದರೆ 33 ಮೀಟರ್, 36 ಗಜದ ಲೆಕ್ಕದಿಂದ ಬಂದದ್ದು. ಅಂಗಡಿಯಲ್ಲಿ ನಿಂತು ಅಳೆಯುವುದಕ್ಕೆ ಆಗಲ್ಲ, ಅಲ್ವಾ? ಆದರೆ ಸ್ಕೇಲ್ ಹಿಡಿಯಬಹುದು. ಮೂರು ಇಂಚಿನ ರಟ್ಟಿನ ಕೋರ್ ಮೇಲೆ 65 ಮೈಕ್ರಾನ್ ಟೇಪನ್ನು 33 ಮೀಟರ್ ಸುತ್ತಿದರೆ ಟೇಪಿನ ಪದರ ಸುಮಾರು ಏಳರಿಂದ ಎಂಟು ಮಿಲಿಮೀಟರ್ ಬರಬೇಕು. ತೆಳುವಾದ 50 ಮೈಕ್ರಾನಿನದ್ದಾದರೂ ಆರರ ಹತ್ತಿರ. ಬರೀ ಮೂರು ಮಿಲಿಮೀಟರ್ ಇದ್ದರೆ ಹೇಳಿದ ಉದ್ದದ ಅರ್ಧವೂ ಅದರಲ್ಲಿಲ್ಲ. ಸುಮ್ನೆ ಜಗಳ ಬೇಡ, ಪಕ್ಕದ ಅಂಗಡಿಗೆ ಹೋಗಿ.

ಅಗಲ ಎಷ್ಟು ಬೇಕು ಅಂತ ಹುಡುಗರು ಕೇಳುತ್ತಾರೆ. ಮೊಬೈಲ್ ಬೋರ್ಡಿಗೆ 5 ಅಥವಾ 6 ಮಿ.ಮೀ. ಒಂದು, ಮಿಕ್ಕಿದ್ದಕ್ಕೆ 20 ಅಥವಾ 25ರದ್ದು ಒಂದು. ಅಗಲದ್ದನ್ನು ಕತ್ತರಿಸಿ ಕಿರಿದು ಮಾಡಬಹುದು, ಆದರೆ ಬ್ಲೇಡ್ ಹೊಸದಿರಲಿ. ಈ ಹಾಳೆ ಹರಿಯಲು ಶುರುವಾಗುವುದು ಕಷ್ಟ. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದರೆ ಮಾತ್ರ ಅಲ್ಲಿಂದ ಸರ್ರನೆ ಹರಿದು ಹೋಗುತ್ತದೆ. ಬೋರ್ಡಿಗೆ ಅಂಟಿಸಿಟ್ಟು ಅದರ ಮೇಲೇ ಬ್ಲೇಡ್ ಆಡಿಸುವವರಿದ್ದಾರೆ. ಕೆಳಗಿನ ತಾಮ್ರದ ಗೆರೆ, ಟ್ರ್ಯಾಕ್, ಕತ್ತರಿಸಿ ಹೋಗುತ್ತದೆ. ಗಾಜಿನ ಮೇಲೆ ಅಂಟಿಸಿ, ಕತ್ತರಿಸಿ, ಆಮೇಲೆ ಎತ್ತಿ ತನ್ನಿ.

ಇನ್ನು ಸ್ಥಿರ ವಿದ್ಯುತ್ತಿನ ವಿಷಯ. ರೋಲಿನಿಂದ ಟೇಪನ್ನು ಪರ್ರೆಂದು ಎಳೆದಾಗ ಹುಟ್ಟುವ ಚಾರ್ಜ್ ಸಾವಿರಾರು ವೋಲ್ಟ್ ತಲುಪಬಹುದು. ಪಾಲಿಇಮೈಡ್ ಒಳ್ಳೆಯ ನಿರೋಧಕ, ಹಾಗಾಗಿ ಆ ಚಾರ್ಜ್ ಎಲ್ಲೂ ಹರಿದು ಹೋಗುವುದಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡು ಭೂಮಿಗೆ ಜೋಡಿಸಿಕೊಂಡಿದ್ದರೂ ಟೇಪಿನ ಮೇಲಿನ ಚಾರ್ಜ್ ಅಲ್ಲೇ ಇರುತ್ತದೆ. ಅದನ್ನು ನೇರ ಮಾಸ್ಫೆಟ್ (ಸ್ಥಿರ ವಿದ್ಯುತ್ತಿಗೆ ಬೇಗ ಕೆಡುವ ಟ್ರಾನ್ಸಿಸ್ಟರ್) ಮೇಲೆ ಅಂಟಿಸಿದರೆ ಏನಾಗಬಹುದು ಅಂತ ನಿಮಗೆ ಗೊತ್ತು. ಇದಕ್ಕೆ ಅಂತಲೇ ಚಾರ್ಜ್ ಕಡಿಮೆ ಹುಟ್ಟುವ ಟೇಪ್ ಬರುತ್ತದೆ, 3ಎಂ ಕಂಪನಿಯಲ್ಲಿ 5419 ಅದೇ. ಫ್ಯಾಕ್ಟರಿಯಲ್ಲಿ ದುಡಿಯುವವರಿಗೆ ಅದು ಬೇಕೇ ಬೇಕು. ಮನೆಯಲ್ಲಿ ಮಾಡುವವರು ನಿಧಾನಕ್ಕೆ ಎಳೆಯಿರಿ, ನಿಧಾನಕ್ಕೆ ಬಿಚ್ಚಿ. ಬಿಚ್ಚುವಾಗಿನ ಅಪಾಯವೇ ಜಾಸ್ತಿ, ಆಗ ಟೇಪ್ ಐಸಿಗೇ ಅಂಟಿಕೊಂಡಿರುತ್ತದೆ.

ಬಿಚ್ಚುವ ಮಾತು ಬಂತು. ಸೋಲ್ಡರ್ ಇನ್ನೂ ಮೆತ್ತಗಿರುವಾಗ ಎಳೆದರೆ ಟೇಪಿನ ಜೊತೆ ಕೆಪಾಸಿಟರ್‌ಗಳೂ ಎದ್ದು ಬರುತ್ತವೆ. ಪೂರ್ತಿ ತಣ್ಣಗಾದ ಮೇಲೆ ಎಳೆದರೆ ಅಂಟು ಬಿಗಿಯಾಗಿ ಹಿಡಿದಿರುತ್ತದೆ. ಕೈಗೆ ಬೆಚ್ಚಗೆ ಅನಿಸುವಷ್ಟು ಆದಾಗ, ಟೇಪನ್ನು ಅದರ ಬೆನ್ನಿನ ಮೇಲೇ ಮಡಿಚಿ, ಬೋರ್ಡಿಗೆ ಒತ್ತಿದ ಹಾಗೆ ಹಿಂದಕ್ಕೆ ಎಳೆಯಿರಿ. ಮೇಲಕ್ಕೆ ಎತ್ತಬೇಡಿ. ಅಂಟು ಉಳಿದರೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಾಕಿ ಉಜ್ಜುತ್ತೇವೆ, ಆದರೆ ಸಿಲಿಕೋನ್ ಅದರಲ್ಲಿ ಚೆನ್ನಾಗಿ ಕರಗುವುದಿಲ್ಲ, ಉಜ್ಜಿ ಉಜ್ಜಿಯೇ ತೆಗೆಯಬೇಕು. ಅದೇ ಟೇಪಿನ ಇನ್ನೊಂದು ತುಂಡನ್ನು ಒತ್ತಿ ಎತ್ತಿದರೆ ಎಷ್ಟೋ ಅಂಟು ಎದ್ದು ಬರುತ್ತದೆ. ಆ ಜಾಗಕ್ಕೆ ಆಮೇಲೆ ಕನ್ಫಾರ್ಮಲ್ ಲೇಪ (ತೇವ ತಾಗದ ಹಾಗೆ ಬೋರ್ಡಿಗೆ ಬಳಿಯುವ ತೆಳು ಪದರ) ಹಾಕುವುದಿದ್ದರೆ ತುಂಬಾ ಶುದ್ಧ ಮಾಡಿ. ಸಿಲಿಕೋನ್ ಇದ್ದ ಕಡೆ ಲೇಪ ಹನಿಹನಿಯಾಗಿ ಸರಿದು ನಿಲ್ಲುತ್ತದೆ.

ಈಗ ಪ್ರಶ್ನೆಗಳು.

ಹಾಟ್ ಏರ್ 380ಕ್ಕೆ ಇಡುತ್ತೇವೆ, ಟೇಪ್ 260ಕ್ಕೆ ಮಾಡಿದ್ದು, ಹೇಗೆ ನಡೆಯುತ್ತದೆ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. 380 ಅನ್ನುವುದು ಹಾಟ್ ಏರ್ ಸ್ಟೇಷನ್ ತೋರಿಸುವ ಸಂಖ್ಯೆ. ಗಾಳಿ ಬೋರ್ಡ್ ಮುಟ್ಟುವಾಗ ಅಷ್ಟಿರುವುದಿಲ್ಲ. ಟೇಪಿನ ಕೆಳಗಿನ ತಾಮ್ರವೂ ಬಿಸಿಯನ್ನು ಎಳೆದುಕೊಳ್ಳುತ್ತಿರುತ್ತದೆ. ಆದರೂ ನಳಿಗೆಯ ನೇರ ಕೆಳಗೆ ಇರುವ ಅಂಚು 260 ದಾಟಿಯೇ ದಾಟುತ್ತದೆ. ಅಲ್ಲಿ ಮೊದಲು ಅಂಟು ಕಂದಾಗುತ್ತದೆ, ಅಂಚು ಎದ್ದು ಗಾಳಿಗೆ ಪಟಪಟ ಅನ್ನುತ್ತದೆ. ಅಂಚನ್ನು ಐಸಿಯಿಂದ ಎರಡು ಮಿಲಿಮೀಟರ್ ಆಚೆ ಇಡಿ. ಬೋರ್ಡಿನ ಕೆಳಗಿನಿಂದ 100ರಿಂದ 150 ಡಿಗ್ರಿ ಪ್ರೀಹೀಟ್ ಕೊಟ್ಟರೆ, ಅಂದರೆ ಮೊದಲೇ ಕಾಯಿಸಿಟ್ಟರೆ, ಮೇಲಿನ ಗಾಳಿಯನ್ನು ಇನ್ನೂ ಇಳಿಸಬಹುದು. ಕನೆಕ್ಟರ್ ಉಳಿಸುವುದಕ್ಕೆ ಎಷ್ಟು ಪದರ ಟೇಪ್ ಹಾಕಿದರೂ ಈ ಪ್ರೀಹೀಟಿನಷ್ಟು ಲಾಭ ಇಲ್ಲ.

ಬೋರ್ಡಿನ ಬಿಸಿ ಅಳೆಯಲು ಥರ್ಮೋಕಪಲ್ ತುದಿಯನ್ನು ಇದೇ ಟೇಪಿನಿಂದ ಅಂಟಿಸಬಹುದಾ ಅಂದರು ಇನ್ನೊಬ್ಬರು. ಅಂಟಿಸುತ್ತಾರೆ. ಬಿಸಿಯಾಗುತ್ತಾ ಟೇಪ್ ಸಡಿಲವಾಗಿ ತುದಿ ಕೂದಲೆಳೆಯಷ್ಟು ಮೇಲೆದ್ದರೂ ಮೀಟರ್ ತೋರಿಸುವುದು ಬೋರ್ಡಿನ ಬಿಸಿ ಅಲ್ಲ, ಗಾಳಿಯ ಬಿಸಿ. ಅಂಟು ಬಿಸಿ ತಡೆಯುವಂಥದ್ದಾದರೆ ಅಲ್ಯೂಮಿನಿಯಂ ಟೇಪ್ ಇಲ್ಲಿ ವಾಸಿ.

ಕೊನೆಯದು ಮಂಗಳೂರು ಕಡೆಯವರ ಪ್ರಶ್ನೆ. ಕೆಲಸ ಮುಗಿದ ಮೇಲೆ ಟೇಪನ್ನು ಬೋರ್ಡಿನ ಮೇಲೇ ನಿರೋಧಕವಾಗಿ ಬಿಟ್ಟುಬಿಡಬಹುದಾ? ಬ್ಯಾಟರಿ ಬೋರ್ಡಿನಂಥ ಕಡಿಮೆ ವೋಲ್ಟೇಜಿನ ಜಾಗದಲ್ಲಿ ಬಿಡಬಹುದು, ಕಂಪನಿಗಳೂ ಬಿಡುತ್ತವೆ. ಚೂಪಾದ ಸೋಲ್ಡರ್ ಮೊನೆ ಇರುವ ಕಡೆ ಬೇಡ, 25 ಮೈಕ್ರಾನ್ ತೂತಾಗುವುದಕ್ಕೆ ಹೊತ್ತು ಬೇಕಿಲ್ಲ. 230 ವೋಲ್ಟ್ ಓಡಾಡುವ ಕಡೆಯೂ ಬೇಡ. ಈ ಹಾಳೆ ತೇವ ಹೀರುತ್ತದೆ, ನಿಮ್ಮ ಕರಾವಳಿಯ ಹವೆಯಲ್ಲಿ ಇನ್ನೂ ಜಾಸ್ತಿ. ಕೊಳೆ, ತೇವ ಸೇರಿ ಮೇಲ್ಮೈಯಲ್ಲಿ ಕಿಡಿ ಹಾರಿದರೆ ಆ ದಾರಿ ಇದ್ದಿಲಾಗುತ್ತದೆ. ಇದ್ದಿಲಲ್ಲಿ ವಿದ್ಯುತ್ ಹರಿಯುತ್ತದೆ. ವಿಮಾನಗಳ ತಂತಿಗೆ ಈ ಹಾಳೆ ಸುತ್ತುತ್ತಿದ್ದ ಕಾಲದಲ್ಲಿ ಇದೇ ತೊಂದರೆ ಬಂತು. ತೇವಕ್ಕೆ ಹಾಳೆ ಬಿರುಕು ಬಿಟ್ಟು, ಒಂದು ತಂತಿಯ ಕಿಡಿ ಇಡೀ ಕಟ್ಟನ್ನೇ ಸುಡುತ್ತಿತ್ತು. ಅಮೆರಿಕದ ನೌಕಾಪಡೆ 1980ರ ದಶಕದಲ್ಲಿ ಅಂಥ ತಂತಿಯನ್ನು ಕೈಬಿಟ್ಟಿತು. ಪವರ್ ಸಪ್ಲೈ ಬೋರ್ಡಿಗೆ ಫಿಶ್ ಪೇಪರ್ (ಗಟ್ಟಿ ನಿರೋಧಕ ಕಾಗದ) ಹಾಕಿ, ಇಲ್ಲಾ ಸರಿಯಾದ ಸ್ಲೀವ್ (ನಿರೋಧಕ ಕೊಳವೆ) ಹಾಕಿ. ಬೆಸುಗೆಗೆ ಅಂಟಿಸಿದ ಟೇಪನ್ನು ಮೊದಲು ಬಿಚ್ಚಿ, ಅಂಟು ಒರೆಸಿ, ಆಮೇಲೆ ಕರೆಂಟ್ ಕೊಡಿ.